ಈಮಾನಿಗೆ ಇಂದಿನ ಪೇಟೆ ಧಾರಣೆ ಎಷ್ಟು?

ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ಮೂರು ಹೆಸರುಗಳು ದಿನವೂ ಒಟ್ಟಿಗೆ ಅಚ್ಚಾಗುವ ಜಾಗ ನಮ್ಮ ಪತ್ರಿಕೆಗಳಲ್ಲಿ ಒಂದಿದೆ. ಅದು ಅಡಿಕೆ ಧಾರಣೆಯ ಪಟ್ಟಿ. ಘಟ್ಟದ ಮೇಲಿನ ಈ ತಾಲೂಕುಗಳಲ್ಲಿ ಬೆಳಗಿನ ಪತ್ರಿಕೆ ಕೈಗೆ ಬಂದೊಡನೆ ಓದುಗನ ಕಣ್ಣು ಮುಖಪುಟದ ಮಂತ್ರಿಗಳನ್ನೂ ಯುದ್ಧಗಳನ್ನೂ ದಾಟಿ ನೇರವಾಗಿ ಆ ಪಟ್ಟಿಯ ಮೇಲೆ ಹೋಗಿ ನಿಲ್ಲುತ್ತದೆ. ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೇಗೋಟು, ಕೋಕಾ ಎಷ್ಟು ಎಂದು ತೋಟವಿದ್ದವನು ನೋಡುತ್ತಾನೆ. ತೋಟವಿಲ್ಲದವನೂ ನೋಡುತ್ತಾನೆ. ಧಾರಣೆ ಏರಿದರೆ ಬಟ್ಟೆಯಂಗಡಿಯಲ್ಲಿ ಜನ, ಇಳಿದರೆ ಗ್ಯಾರೇಜಿನಲ್ಲಿ ಸಾಲ. ಪೇಟೆಯಲ್ಲಿ ಬದುಕುವ ನಮ್ಮವರು ಹೆಚ್ಚಾಗಿ ಈ ಎರಡನೆಯ ಸಾಲಿನವರು.

ಕೆಲವು ತಿಂಗಳ ಹಿಂದೆ ಶಿರಸಿಯ ಒಂದು ವಖಾರಿಯ ಜಗಲಿಯಲ್ಲಿ ಇಂತಹ ಪಟ್ಟಿಯನ್ನೇ ಮುಂದಿಟ್ಟುಕೊಂಡು ನಡೆಯುತ್ತಿದ್ದ ಮಾತುಕತೆಗೆ ನಾವೂ ಕಿವಿಗೊಟ್ಟಿದ್ದೆವು. ಮಾತನಾಡುತ್ತಿದ್ದವನು ವಾಣಿಜ್ಯ ಪದವೀಧರ ಯುವಕ. ಮ್ಯೂಚುವಲ್ ಫಂಡ್ ಮಾಡಿಸಿಕೊಡುವ ಕೆಲಸ ಅವನದು. ಎದುರಿಗೆ ಕುಳಿತವರು ಅಡಿಕೆ ವ್ಯಾಪಾರದಲ್ಲಿ ಕೂದಲು ಹಣ್ಣಾದ ಒಬ್ಬ ಹಿರಿಯರು. “ಚಾಚಾ, ನಮ್ಮ ಮಸ್ಜಿದಿಗೆ ಬರುವವರನ್ನು ನಾನು ಸುಮ್ಮನೆ ಕುಳಿತು ಲೆಕ್ಕ ಹಾಕಿದ್ದೇನೆ. ಎಲ್ಲರೂ ನನ್ನ ಗಿರಾಕಿಗಳ ಹಾಗೆಯೇ ಇದ್ದಾರೆ” ಎಂದು ಅವನು ಆರಂಭಿಸಿದ.

ಅವನ ವರ್ಗೀಕರಣ ಕೇಳಲು ಸೊಗಸಾಗಿತ್ತು. ಐದು ಹೊತ್ತು ತಪ್ಪದೆ ಬರುವ ನಾಲ್ಕಾರು ಮುದುಕರು ಬ್ಯಾಂಕಿನ ಎಫ್‌ಡಿ ಇಟ್ಟವರು. ಹೆಚ್ಚಿನ ಆಸೆಯಿಲ್ಲ, ಅಸಲು ಭದ್ರವಾಗಿದ್ದರೆ ಸಾಕು. ಶುಕ್ರವಾರ ಮಾತ್ರ ಬರುವವರು ಎಸ್‌ಐಪಿಯವರು; ವಾರಕ್ಕೊಂದು ಸಣ್ಣ ಕಂತು ಕಟ್ಟಿದರೆ ಕೊನೆಗೆ ದೊಡ್ಡ ಮೊತ್ತವಾಗುತ್ತದೆ ಎಂಬ ನಂಬಿಕೆ. ಎರಡು ಹಬ್ಬಗಳಿಗೆ ಮಾತ್ರ ಬರುವವರು ಹೊಸ ಷೇರು ಬಿಡುಗಡೆಯ ದಿನ ಮಾತ್ರ ಕಾಣಸಿಗುವವರು. ರಮಝಾನಿನ ಇಪ್ಪತ್ತೇಳನೆಯ ರಾತ್ರಿಗೆ ಕಾಯುವವರಂತೂ ಪಕ್ಕಾ ಸಟ್ಟಾ ವ್ಯಾಪಾರಿಗಳು. ಸಾವಿರ ತಿಂಗಳಿಗಿಂತ ಉತ್ತಮವಾದ ರಾತ್ರಿಯೆಂದರೆ 83 ವರ್ಷ 4 ತಿಂಗಳು; ಒಂದು ರಾತ್ರಿಯ ನಿದ್ದೆಗೆಟ್ಟರೆ ಒಂದು ಆಯುಷ್ಯದ ಲಾಭ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಬರುವ ಅಂಗಡಿಗಳಂತೆ ಇವರು ಚಪ್ಪರ ಹಾಕುತ್ತಾರೆ, ವ್ಯಾಪಾರ ಮುಗಿಸುತ್ತಾರೆ, ಗಳ ಕಿತ್ತುಕೊಂಡು ಹೊರಡುತ್ತಾರೆ.

ಉಮ್ರಾಕ್ಕೆ ಹೋಗಿ ಬಂದ ಪರಿಚಿತರೊಬ್ಬರ ಲೆಕ್ಕ ಇನ್ನೂ ಮೇಲಿನದಂತೆ. ಮಕ್ಕಾದ ಮಸ್ಜಿದುಲ್ ಹರಾಮಿನಲ್ಲಿ ಮಾಡಿದ ಒಂದು ನಮಾಝ್ ಬೇರೆಡೆಯ ಒಂದು ಲಕ್ಷ ನಮಾಝ್‌ಗಳಿಗೆ ಸಮ ಎಂದು ಹದೀಸಿನಲ್ಲಿದೆ. ದಿನಕ್ಕೆ ಐದರಂತೆ ವರ್ಷಕ್ಕೆ 1825 ನಮಾಝ್‌ಗಳು. ಲಕ್ಷವನ್ನು ಅದರಿಂದ ಭಾಗಿಸಿದರೆ ಐವತ್ತನಾಲ್ಕು ವರ್ಷ ಒಂಬತ್ತು ತಿಂಗಳು. ಅಂದರೆ ಒಂದೇ ಒಂದು ನಮಾಝಿನಲ್ಲಿ ಹಿಂದಿನ ಬಾಕಿ ತೀರಿ ಮುಂದಿನ ಖಾತೆಗೂ ಜಮೆ! ಹಿಂದಿರುಗಿದ ಮೇಲೆ ಫಜ್ರ್‌ನ ಅಝಾನ್ ಅವರನ್ನು ಅಷ್ಟಾಗಿ ಎಬ್ಬಿಸುತ್ತಿಲ್ಲವಂತೆ.

ಜಗಲಿಯಲ್ಲಿದ್ದವರೆಲ್ಲ ನಕ್ಕರು. ನಾವೂ ನಕ್ಕೆವು. ಆದರೆ ಬಸ್ಸಿನಲ್ಲಿ ಹಿಂದಿರುಗುವಾಗ ಆ ನಗು ಅಷ್ಟು ಹಗುರವಾಗಿ ಉಳಿಯಲಿಲ್ಲ. ಧರ್ಮವನ್ನು ಹೂಡಿಕೆಯ ಕಣ್ಣಿನಿಂದ ನೋಡುವುದು ಆ ಯುವಕನ ಕುಚೋದ್ಯ ಮಾತ್ರವೇ, ಅಥವಾ ನಾವೆಲ್ಲರೂ ಬಾಯಿಬಿಟ್ಟು ಹೇಳದೆ ಮಾಡುತ್ತಿರುವ ಕೆಲಸವೇ?

ಈ ಲೆಕ್ಕಾಚಾರಕ್ಕೆ ದೊಡ್ಡ ವಂಶಾವಳಿಯಿದೆ. 1662ರಲ್ಲಿ ನಿಧನನಾದ ಫ್ರಾನ್ಸಿನ ಗಣಿತಜ್ಞ ಬ್ಲೇಸ್ ಪ್ಯಾಸ್ಕಲ್‌ನ ಬರಹಗಳು 1670ರಲ್ಲಿ ಅಚ್ಚಾದವು. ಅವುಗಳಲ್ಲಿ ಇಂಥದೇ ಒಂದು ಪಣದ ವಾದವಿದೆ. ದೇವನಿದ್ದಾನೆಯೇ ಎಂಬುದನ್ನು ಬುದ್ಧಿ ತೀರ್ಮಾನಿಸಲಾರದು. ಇದ್ದಾನೆಂದು ಪಣವೊಡ್ಡಿ ಗೆದ್ದರೆ ಲಾಭ ಅನಂತ, ಸೋತರೆ ನಷ್ಟ ಅತ್ಯಲ್ಪ. ಆದುದರಿಂದ ನಂಬುವುದೇ ಜಾಣತನ. ಸಂಭವನೀಯತೆಯ ಗಣಿತಕ್ಕೆ ಅಡಿಪಾಯ ಹಾಕಿದವರಲ್ಲೊಬ್ಬನಾದ ಅವನಿಗೆ ಜೂಜಿನ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಆದರೆ ಅವನಿಗಿಂತ ಐದು ಶತಮಾನಗಳಿಗೂ ಹಿಂದೆ, 1111ರಲ್ಲಿ ನಿಧನರಾದ ಇಮಾಮ್ ಗಝಾಲಿಯವರು ತಮ್ಮ ‘ಇಹ್ಯಾ’ ಗ್ರಂಥದಲ್ಲಿ ಇದನ್ನು ಹೋಲುವ ಮಾತೊಂದನ್ನು ಹಝ್ರತ್ ಅಲೀ(ರ) ಅವರ ಹೆಸರಿನಲ್ಲಿ ಉಲ್ಲೇಖಿಸಿದ್ದಾರೆ. ಪರಲೋಕವನ್ನು ಅಲ್ಲಗಳೆಯುತ್ತಿದ್ದವನೊಬ್ಬನಿಗೆ ಅಲೀ(ರ) ಹೇಳಿದ್ದರ ಸಾರ ಇಷ್ಟೆ: ನೀನು ಹೇಳುವುದು ನಿಜವಾದರೆ ನಮ್ಮಿಬ್ಬರಿಗೂ ಕೇಡಿಲ್ಲ, ನಾವು ಹೇಳುವುದು ನಿಜವಾದರೆ ನಮಗೆ ರಕ್ಷೆಯಿದೆ, ನಿನಗಿಲ್ಲ. ಇಲ್ಲಿ ಗಝಾಲಿಯವರು ಸೇರಿಸುವ ವಿವರಣೆಯೇ ಮುಖ್ಯವಾದುದು. ಅಲೀ(ರ) ಹಾಗೆ ಹೇಳಿದ್ದು ಅವರಿಗೇ ಸಂದೇಹವಿದ್ದುದರಿಂದಲ್ಲ, ಎದುರಿನವನ ಬುದ್ಧಿಯ ಅಳತೆಗೆ ತಕ್ಕಂತೆ ಮಾತನಾಡಿದ್ದರಿಂದ. ಅಂದರೆ ಅದು ಹೊರಗೆ ನಿಂತವನನ್ನು ಬಾಗಿಲವರೆಗೆ ಕರೆತರುವ ಮಾತು. ಒಳಗಿರುವವನು ಜೀವನವಿಡೀ ಕೂತು ತಿನ್ನಬೇಕಾದ ಬುತ್ತಿಯಲ್ಲ.

ಪ್ಯಾಸ್ಕಲ್‌ನ ವಾದದ ದೌರ್ಬಲ್ಯವನ್ನು ಫ್ರಾನ್ಸಿನವನೇ ಆದ ದೆನಿ ದಿದೆರೊ ಒಂದೇ ಏಟಿಗೆ ಬಯಲು ಮಾಡಿದ: ಇದೇ ವಾದವನ್ನು ಒಬ್ಬ ಇಮಾಮ್ ಕೂಡ ಹೂಡಬಲ್ಲನಲ್ಲ! ದಿದೆರೊಗೆ ಇಸ್ಲಾಮಿನ ಮೇಲೆ ಪ್ರೀತಿಯಿತ್ತೆಂದು ಯಾರೂ ತಿಳಿಯಬೇಕಾಗಿಲ್ಲ. ಆದರೆ ಅವನ ಪ್ರಶ್ನೆ ನ್ಯಾಯವಾದುದು. ಲಾಭದ ಆಸೆಯೊಂದೇ ಅಳತೆಗೋಲಾದರೆ ಅತಿ ದೊಡ್ಡ ಸ್ವರ್ಗ, ಅತಿ ಭಯಂಕರ ನರಕ ಯಾರು ತೋರಿಸುತ್ತಾರೋ ಅವರ ಅಂಗಡಿಗೇ ಹೋಗಬೇಕಾಗುತ್ತದೆ. ಆಗ ಸತ್ಯ ಯಾವುದು ಎಂಬ ಪ್ರಶ್ನೆಗೆ ಸ್ಥಳವೇ ಇರುವುದಿಲ್ಲ. ಹೆಚ್ಚು ಧಾರಣೆ ಕೂಗಿದವನಿಗೆ ಮಾಲು.

ಹೂಡಿಕೆಯ ಜಾಣರು ಹೇಳುವ ಮೊದಲ ಪಾಠ, ಎಲ್ಲ ಹಣವನ್ನೂ ಒಂದೇ ಕಡೆ ಹಾಕಬೇಡಿ ಎಂಬುದು. ಈ ಪಾಠವನ್ನು ನಮ್ಮ ಮನೆಗಳು ಮ್ಯೂಚುವಲ್ ಫಂಡ್ ಬರುವ ಎಷ್ಟೋ ಮೊದಲೇ ಕಲಿತಿವೆ. ಅಲ್ಲಾಹನೊಬ್ಬನೇ ಸಾಕು ಎಂದು ದಿನಕ್ಕೆ ಹತ್ತಾರು ಬಾರಿ ನಾಲಿಗೆ ಹೇಳುತ್ತದೆ. ಆದರೆ ಮಗನಿಗೆ ಜ್ವರ ಬಂದರೆ ಕೊರಳಿಗೊಂದು ತಾಯಿತ, ಅಂಗಡಿಯ ಬಾಗಿಲಿಗೊಂದು ನಿಂಬೆಹಣ್ಣು, ಮಗಳ ಸಂಬಂಧಕ್ಕೆ ಫಾಲ್ ನೋಡುವವರ ಚೀಟಿ, ಹೊಸ ಗಾಡಿಯ ಮುಂದೆ ಕರಿ ದಾರ. ಕೇಳಿದರೆ, ಇದರಿಂದ ನಷ್ಟವೇನು, ಇರಲಿ ಬಿಡಿ ಎಂಬ ಉತ್ತರ. ಇರಲಿ ಬಿಡಿ ಎಂಬ ಈ ಎರಡು ಪದಗಳು ಪ್ಯಾಸ್ಕಲ್‌ನ ಇಡೀ ವಾದದ ಶಿರಸಿ ಅನುವಾದವೆಂದರೂ ತಪ್ಪಾಗದು.

ಪವಿತ್ರ ಕುರ್‌ಆನಿನ ‘ಅಲ್ ಹಜ್ಜ್’ ಅಧ್ಯಾಯದಲ್ಲಿ ಇಂಥವನ ಚಿತ್ರ ಅಚ್ಚೊತ್ತಿದಂತಿದೆ. ಅಂಚಿನಲ್ಲಿ ನಿಂತು ಅಲ್ಲಾಹನ ಆರಾಧನೆ ಮಾಡುವವನು ಅವನು. ಒಳಿತಾದರೆ ನೆಮ್ಮದಿಯಿಂದಿರುತ್ತಾನೆ, ಪರೀಕ್ಷೆ ಎದುರಾದರೆ ಮುಖ ತಿರುಗಿಸಿ ಬಿಡುತ್ತಾನೆ. ಹಾಗೆ ಇಹವನ್ನೂ ಪರವನ್ನೂ ಕಳೆದುಕೊಳ್ಳುತ್ತಾನೆ. ಧಾರಣೆ ಇಳಿದೊಡನೆ ಷೇರು ಮಾರಿ ಹೊರಬರುವವನಿಗೂ ಇವನಿಗೂ ಏನು ವ್ಯತ್ಯಾಸ? ಇನ್ನು ಸೂಕ್ತ ಸಮಯಕ್ಕಾಗಿ ಕಾಯುವವರ ಕಥೆ. ಹಳೆ ಚಾಲಿಯನ್ನು ಅಟ್ಟದಲ್ಲಿಟ್ಟು ಒಳ್ಳೆಯ ಧಾರಣೆಗೆ ಕಾಯುವ ಬೆಳೆಗಾರನಂತೆ ತೌಬಾವನ್ನು ಅಟ್ಟಕ್ಕೇರಿಸಿ ಅರವತ್ತನೆಯ ವಯಸ್ಸಿಗೆ ಕಾಯುವವರು ಇವರು. ಇಂಥವರ ಪೈಕಿ ಅತ್ಯಂತ ಪ್ರಸಿದ್ಧನು ಫಿರ್‌ಔನ್. ನೀರು ಗಂಟಲಿಗೆ ಬಂದಾಗ ಅವನು ಖರೀದಿಗೆ ಬಂದ. ಅಷ್ಟರಲ್ಲಿ ಪೇಟೆ ಮುಚ್ಚಿತ್ತು.

ಇಷ್ಟರವರೆಗೆ ನಗುವ ವಿಷಯವಾಯಿತು. ನಗಲಾಗದ ವಿಷಯ ಬೇರೆಯಿದೆ. ನಾವು ಧರ್ಮವನ್ನು ಇಡಿಯಾಗಿ ಆಯ್ದುಕೊಂಡಿಲ್ಲ, ಹುಟ್ಟಿನಿಂದ ಬಂದಿದೆ. ಆದರೆ ಬಂದುದರೊಳಗೆ ಆರಿಸುವ ಕೆಲಸವನ್ನು ದಿನವೂ ಮಾಡುತ್ತಿದ್ದೇವೆ. ಅಡಿಕೆ ಆರಿಸುವವರು ಹಾಸಿನ ಮೇಲೆ ಕುಳಿತು ಒಳ್ಳೆಯದನ್ನೊಂದು ಕಡೆಗೂ ಗೋಟನ್ನೊಂದು ಕಡೆಗೂ ಎಸೆಯುವಂತೆ ನಮಗೆ ಲಾಭ ತರುವ ಆದೇಶಗಳನ್ನು ಇಟ್ಟುಕೊಳ್ಳುತ್ತೇವೆ, ಕೈಬಿಟ್ಟು ಹೋಗುವ ಆದೇಶಗಳನ್ನು ಬದಿಗೆ ಸರಿಸುತ್ತೇವೆ. ಹೀಗೆ ಆರಿಸಿದ ಮೇಲೆ ನಮ್ಮ ಪಟ್ಟಣಗಳ ಈಮಾನ್ ಧಾರಣೆಯ ಪಟ್ಟಿ ಹೇಗಿರಬಹುದು? ಗಂಡನಿಗೆ ಹೆಂಡತಿಯ ವಿಧೇಯತೆ: ತೇಜಿ. ಪುರುಷನಿಗೆ ಬಹುಪತ್ನಿತ್ವದ ಅನುಮತಿ: ಮಾಲು ಕಡಿಮೆಯಾದರೂ ಬೇಡಿಕೆ ಸ್ಥಿರ. ಮಹ್ರ್: ಮದುವೆಯ ದಿನ ಕೂಗಿದ ಧಾರಣೆ ಮಾತ್ರ, ಪಾವತಿಯಿಲ್ಲ. ವರದಕ್ಷಿಣೆ ನಿಷಿದ್ಧವೆಂಬ ಮಾತು: ಹೆಣ್ಣು ಹೆತ್ತವರಲ್ಲಿ ತೇಜಿ, ಗಂಡು ಹೆತ್ತವರಲ್ಲಿ ಮಂದಿ. ನೆರೆಯವನ ಹಕ್ಕು: ವಹಿವಾಟು ಇಲ್ಲ. ಹೆಣ್ಣುಮಕ್ಕಳ ಆಸ್ತಿ ಪಾಲು: ಕೇಳುವವರಿಲ್ಲ.

ಈ ಕೊನೆಯದರ ಬಗ್ಗೆ ತುಸು ನಿಂತು ಲೆಕ್ಕ ಹಾಕೋಣ. ನಮಗೆ ಲೆಕ್ಕವೆಂದರೆ ಪ್ರೀತಿಯಲ್ಲವೇ? ತಂದೆತಾಯಿ ಮೊದಲೇ ತೀರಿಹೋಗಿರುವ ಒಬ್ಬನು ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ನಿಧನನಾದನೆನ್ನಿ. ಸಾಲ, ವಸಿಯ್ಯತ್‌ಗಳೆಲ್ಲ ತೀರಿದ ಮೇಲೆ ಉಳಿದದ್ದು ನಾಲ್ಕು ಎಕರೆಗೆ ಸಮನಾದ ಆಸ್ತಿ, ಅಂದರೆ 160 ಗುಂಟೆ. ‘ಅನ್ನಿಸಾ’ ಅಧ್ಯಾಯದ ನಿಯಮದಂತೆ ಮಕ್ಕಳಿರುವ ವಿಧವೆಗೆ ಎಂಟನೆಯ ಒಂದು ಪಾಲು, 20 ಗುಂಟೆ. ಉಳಿದ 140ರಲ್ಲಿ ಗಂಡಿಗೆ ಇಬ್ಬರು ಹೆಣ್ಣುಮಕ್ಕಳ ಪಾಲಿಗೆ ಸಮ. ಮಗನಿಗೆ 70, ಒಬ್ಬೊಬ್ಬ ಮಗಳಿಗೆ 35. ಹತ್ತನೆಯ ತರಗತಿಯ ಹುಡುಗನೂ ಐದು ನಿಮಿಷದಲ್ಲಿ ಮಾಡಬಹುದಾದ ಲೆಕ್ಕ. ಆದರೆ ಈ ಲೆಕ್ಕ ನಮ್ಮ ಎಷ್ಟು ಮನೆಗಳಲ್ಲಿ ನಡೆದಿದೆ? ಹೆಣ್ಣುಮಕ್ಕಳಿಗೆ ಗಂಡಿನ ಅರ್ಧ ಏಕೆ ಎಂದು ಹೊರಗಿನವರು ಕೇಳಿದಾಗ, ಗಂಡಿನ ಮೇಲೆ ಕುಟುಂಬ ಪೋಷಣೆಯ ಹೊಣೆಯಿದೆ, ಮಹ್ರ್ ಕೊಡುವವನು ಅವನು ಎಂದು ವೇದಿಕೆಗಳಲ್ಲಿ ಅರ್ಧ ಗಂಟೆ ಸಮರ್ಥಿಸುತ್ತೇವೆ. ಆ ಅರ್ಧವನ್ನಾದರೂ ಕೊಟ್ಟಿದ್ದೇವೆಯೇ ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ. ಮದುವೆಗೆ ಖರ್ಚು ಮಾಡಿದೆವಲ್ಲ, ಒಡವೆ ಹಾಕಿದೆವಲ್ಲ ಎಂಬ ಸಮಾಧಾನ. ತಂಗಿ ತಾನಾಗಿಯೇ ಬೇಡವೆಂದಳು ಎಂಬ ಇನ್ನೊಂದು ಸಮಾಧಾನ. ಪಾಲು ಬೇಕೆಂದರೆ ತವರಿನ ಬಾಗಿಲು ಮುಚ್ಚುತ್ತದೆ ಎಂದು ಗೊತ್ತಿರುವ ತಂಗಿ ಬೇರೇನು ಹೇಳಿಯಾಳು?

ಝಕಾತ್‌ನ ಕಥೆಯೂ ಇದಕ್ಕಿಂತ ದೂರವಿಲ್ಲ. ವರ್ಷ ತುಂಬುವ ಹೊತ್ತಿಗೆ ಬಂಗಾರವನ್ನು ಹೆಂಡತಿಯ ಹೆಸರಿಗೆ ದಾಟಿಸಿ, ಅವಳ ವರ್ಷ ತುಂಬುವ ಹೊತ್ತಿಗೆ ಮರಳಿ ಪಡೆಯುವ ಉಪಾಯವನ್ನು ಹಿಂದಿನ ಫಿಕ್‌ಹ್ ಪಂಡಿತರೂ ಬಲ್ಲರು, ಅದನ್ನು ಖಂಡಿಸಿಯೂ ಇದ್ದಾರೆ. ತೆರಿಗೆ ತಪ್ಪಿಸುವ ಜಾಣತನವನ್ನು ಸರ್ವಜ್ಞನ ಮುಂದೆ ತೋರಿಸುವ ಈ ಧೈರ್ಯಕ್ಕೆ ಮೆಚ್ಚಲೇಬೇಕು.

ಇಷ್ಟೆಲ್ಲ ಲೆಕ್ಕ ಬಲ್ಲ ಸಮುದಾಯ ಹಣದ ವ್ಯವಹಾರದಲ್ಲಾದರೂ ಅತ್ಯಂತ ಚತುರವಾಗಿರಬೇಕಿತ್ತು. ಆದರೆ ಆದದ್ದೇನು? 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐ ಮಾನಿಟರಿ ಅಡ್ವೈಸರಿ, ಜನರ ಬಾಯಲ್ಲಿ ಐಎಂಎ, ತಿಂಗಳಿಗೆ ನೂರಕ್ಕೆ ಎರಡೂವರೆ ಮೂರರವರೆಗೆ ಲಾಭ ಕೊಡುತ್ತದೆಂದು ಜನ ಸಾಲುಗಟ್ಟಿ ನಿಂತರು. ಬಡ್ಡಿಯಲ್ಲ, ಪಾಲುದಾರಿಕೆ, ಹಲಾಲ್ ಎಂಬುದೇ ಅದರ ಬಂಡವಾಳ. ಅದು ಸರಕಾರಿ ಶಾಲೆಯೊಂದನ್ನು ದತ್ತು ತೆಗೆದುಕೊಂಡದ್ದು, ಸಂಸ್ಥೆಯ ಮುಖ್ಯಸ್ಥರು ಗಣ್ಯರೊಂದಿಗೆ ಕಾಣಿಸಿಕೊಂಡದ್ದು, ಕೆಲವು ಮೌಲ್ವಿಗಳು ಒಳ್ಳೆಯ ಮಾತಾಡಿದ್ದು, ಎಲ್ಲವೂ ಭದ್ರತೆಯ ಮುದ್ರೆಗಳಾದವು. 2019ರ ಜೂನ್‌ನಲ್ಲಿ ಮುಖ್ಯಸ್ಥರ ಒಂದು ಧ್ವನಿಮುದ್ರಣ ಹೊರಬಿತ್ತು. ಅವರು ದುಬೈಗೆ ಹೋಗಿಯಾಗಿತ್ತು. ನಲವತ್ತು ಸಾವಿರದಷ್ಟು ಜನ ದೂರು ಕೊಟ್ಟರು. ಸಂಗ್ರಹಿಸಿದ ಠೇವಣಿ ನಾಲ್ಕು ಸಾವಿರ ಕೋಟಿ ರೂಪಾಯಿಗಳ ಆಸುಪಾಸು ಎಂಬುದು ತನಿಖೆಯ ಲೆಕ್ಕ. ಜುಲೈಯಲ್ಲಿ ದಿಲ್ಲಿಯಲ್ಲಿ ಬಂಧನವಾಯಿತು, ಪ್ರಕರಣ ಸಿಬಿಐಗೆ ಹೋಯಿತು. ಇದಕ್ಕೆ ಒಂದು ವರ್ಷ ಮೊದಲೇ, 2018ರಲ್ಲಿ, ಹೀರಾ ಗೋಲ್ಡ್ ಮತ್ತು ಆಂಬಿಡೆಂಟ್ ಎಂಬ ಬೇರೆರಡು ಸಂಸ್ಥೆಗಳ ಹೆಸರೂ ಪೊಲೀಸ್ ಠಾಣೆಗಳಿಗೆ ತಲುಪಿದ್ದವು. ಆದರೂ ಐಎಂಎಯ ಮುಂದಿನ ಸಾಲು ಕರಗಿರಲಿಲ್ಲ.

ಕಳೆದುಕೊಂಡವರನ್ನು ಗೇಲಿ ಮಾಡುವುದು ನಮ್ಮ ಉದ್ದೇಶವಲ್ಲ. ಅವರಲ್ಲಿ ಮಗಳ ಮದುವೆಗಿಟ್ಟ ಹಣ ಹಾಕಿದ ವಿಧವೆಯರಿದ್ದರು, ನಿವೃತ್ತಿಯ ಹಣ ಹಾಕಿದ ಮಾಸ್ತರರಿದ್ದರು. ಬ್ಯಾಂಕಿನ ಬಡ್ಡಿ ತಿನ್ನಬಾರದೆಂಬ ಅವರ ಶ್ರದ್ಧೆ ಪ್ರಾಮಾಣಿಕವಾದುದೇ. ಆದರೆ ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ವರ್ಷಕ್ಕೊಮ್ಮೆ ನೂರಕ್ಕೆ ಎರಡೂವರೆ ಝಕಾತ್ ಕೊಡುವುದು ಹೊರೆಯೆನಿಸುವ ನಮಗೆ, ತಿಂಗಳಿಗೊಮ್ಮೆ ನೂರಕ್ಕೆ ಎರಡೂವರೆ ಬರುವುದು ಸಹಜವೆಂದು ತೋರಿದ್ದು ಹೇಗೆ? ತಿಂಗಳಿಗೆ ಮೂರರಂತೆ ವರ್ಷಕ್ಕೆ ಮೂವತ್ತಾರು ಕೊಡುವ ವ್ಯಾಪಾರ ಯಾವುದು? ನಷ್ಟದ ಮಾತೇ ಇಲ್ಲದ ಪಾಲುದಾರಿಕೆ ಇಸ್ಲಾಮೀ ವ್ಯಾಪಾರ ನಿಯಮದಲ್ಲಿ ಪಾಲುದಾರಿಕೆಯೇ ಅಲ್ಲ. ಹಣ ಹಾಕಿದವನು ಲಾಭದಂತೆ ನಷ್ಟವನ್ನೂ ಹೊರುವುದೇ ‘ಮುಝಾರಬಾ’ವನ್ನು ಬಡ್ಡಿಯಿಂದ ಬೇರ್ಪಡಿಸುವ ಗೆರೆ. ಶಿರಸಿಯ ಪೇಟೆಯಲ್ಲಿ ಮೂಟೆಯ ತಳದವರೆಗೆ ಕೈ ಹಾಕಿ ನೋಡದೆ ಒಂದು ಚೀಲ ಚಾಲಿಯನ್ನೂ ಯಾರೂ ಕೊಳ್ಳುವುದಿಲ್ಲ. ಪ್ರವಾದಿ(ಸ) ಅವರೂ ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗಿನ ತೇವವನ್ನು ಬೆರಳಿನಿಂದ ಕಂಡು, ಒದ್ದೆಯಾದುದನ್ನು ಮೇಲೆ ಏಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಪ್ರಶ್ನಿಸಿದ್ದರು. ಮೋಸ ಮಾಡುವವನಿಗೂ ತಮಗೂ ಸಂಬಂಧವಿಲ್ಲವೆಂದಿದ್ದರು. ಆ ಸುನ್ನತ್ ನಮಗೆ ನೆನಪಾಗಲಿಲ್ಲ. ಗಡ್ಡ ಕಂಡಿತು, ಬಿಸ್ಮಿಲ್ಲಾಹ್ ಕೇಳಿತು, ಅಷ್ಟೇ ಸಾಕಾಯಿತು.

ಸಂದೇಹಪಡಬೇಕಾದ ಪೇಟೆಯಲ್ಲಿ ನಾವು ಮುರೀದರಾಗಿದ್ದೇವೆ, ಶರಣಾಗಬೇಕಾದ ಮಸ್ಜಿದಿನಲ್ಲಿ ದಲ್ಲಾಳಿಗಳಾಗಿದ್ದೇವೆ. ಆ ಯುವಕನ ಹಾಸ್ಯದಲ್ಲಿ ಈ ಅರ್ಧ ಬಿಟ್ಟುಹೋಗಿತ್ತು.

ಹೀಗೆ ವಿಶ್ವಾಸಕ್ಕೆ ಬೆಲೆ ಕಟ್ಟುವ ರೋಗ ನಮ್ಮೊಬ್ಬರದೇ ಅಲ್ಲ, ಸರಕಾರಗಳದೂ ಹೌದು. ಕರ್ನಾಟಕದಲ್ಲಿ 2022ರಲ್ಲಿ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯನ್ನು ನೆನಪಿಸಿಕೊಳ್ಳಿ. ಹೆಸರಿನಲ್ಲಿ ಸ್ವಾತಂತ್ರ್ಯವಿತ್ತು. ಮತ ಬದಲಿಸುವವನು ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು, ಅದನ್ನು ಸೂಚನಾ ಫಲಕಕ್ಕೆ ಹಚ್ಚಿ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಬೇಕು ಎಂಬ ಏರ್ಪಾಡು ಅದರಲ್ಲಿತ್ತು. ಹೊಸ ಕಂಪೆನಿ ಷೇರು ಬಿಡುಗಡೆ ಮಾಡುವಾಗಲೂ ನೆರೆಹೊರೆಯವರ ಆಕ್ಷೇಪಣೆ ಕೇಳುವುದಿಲ್ಲ. ಆಮಿಷವೆಂದರೇನು ಎಂಬುದರ ವ್ಯಾಖ್ಯೆಯೊಳಗೆ ಹಣ, ಉದ್ಯೋಗ, ಉಚಿತ ಶಿಕ್ಷಣದ ಜೊತೆಗೆ ದೈವಕೋಪದ ಹೆದರಿಕೆಯನ್ನೂ ಸೇರಿಸಲಾಗಿತ್ತು. ಪಾಪ, ಪ್ಯಾಸ್ಕಲ್ ಇಂದು ಶಿರಸಿಯಲ್ಲಿದ್ದು ತನ್ನ ಪಣದ ವಾದವನ್ನು ಬಸ್ ನಿಲ್ದಾಣದಲ್ಲಿ ಹೇಳಿದ್ದರೆ ಠಾಣೆಗೆ ಹೋಗಬೇಕಾಗುತ್ತಿತ್ತು! 2023ರ ಜೂನ್‌ನಲ್ಲಿ ಮುಂದಿನ ಸರಕಾರದ ಸಚಿವ ಸಂಪುಟ ಈ ಕಾಯ್ದೆಯನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಬಡವನು ಮತ ಬದಲಿಸಿದರೆ ಅದಕ್ಕೆ ಯಾರೋ ಬೆಲೆ ತೆತ್ತಿರಲೇಬೇಕು, ಅವನಿಗೆ ಸ್ವಂತ ಆತ್ಮಸಾಕ್ಷಿಯೆಂಬುದು ಇರಲಾರದು ಎಂಬ ಭಾವನೆ ಮಾತ್ರ ಕಾಗದದಿಂದ ಹಿಂಪಡೆದರೂ ಮನಸ್ಸುಗಳಿಂದ ಹೋಗುವಂಥದಲ್ಲ.

ಮತ್ತೊಂದೆಡೆ ಸರಕಾರವೇ ವಿಶ್ವಾಸಗಳಿಗೆ ಧಾರಣೆ ನಿಗದಿ ಮಾಡಿದೆ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಮನ್ನಣೆ ಮೊದಲು ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಣೆಯಾಯಿತು. ದಲಿತನೊಬ್ಬನು ಕ್ರೈಸ್ತನಾದರೆ ಅಥವಾ ಮುಸ್ಲಿಮನಾದರೆ ಮಾತ್ರ ಅವನ ಮನ್ನಣೆ ಇಲ್ಲವಾಗುತ್ತದೆ, ಅವನ ಬಡತನ ಅಲ್ಲೇ ಇರುತ್ತದೆ. ಇದಕ್ಕೆ ಎದುರಾಗಿ ಯಲ್ಲಾಪುರದ ಸಿದ್ದಿಗಳನ್ನು ನೋಡಿ. ಆಫ್ರಿಕಾ ಮೂಲದ ಈ ಜನರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದೊರೆತಾಗ ನಿನ್ನ ದೇವರು ಯಾರು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಒಂದೇ ಕಾಡಿನಂಚಿನ ಮೂರು ಧರ್ಮಗಳವರು ಒಂದೇ ಪಟ್ಟಿಯಲ್ಲಿದ್ದಾರೆ, ಆಕಾಶವೇನೂ ಕಳಚಿ ಬಿದ್ದಿಲ್ಲ. ಪಂಗಡಕ್ಕೆ ಸಾಧ್ಯವಾದುದು ಜಾತಿಗೆ ಏಕೆ ಸಾಧ್ಯವಿಲ್ಲ ಎಂಬುದಕ್ಕೆ ದಿಲ್ಲಿಯಲ್ಲಿ ಕುಳಿತ ಯಾವ ಪಕ್ಷದವರೂ ನೇರವಾಗಿ ಉತ್ತರಿಸಿಲ್ಲ.

ಇಲ್ಲಿ ಓದುಗರು ನಮ್ಮನ್ನೇ ತಡೆದು ಕೇಳಬಹುದು. ಪವಿತ್ರ ಕುರ್‌ಆನ್ ತಾನೇ ವ್ಯಾಪಾರದ ಮಾತನ್ನಾಡುವುದಿಲ್ಲವೇ? ಅಲ್ಲಾಹನಿಗೆ ಉತ್ತಮ ಸಾಲ ಕೊಡುವವರಾರು ಎಂದು ಕೇಳುವುದಿಲ್ಲವೇ? ಒಂದು ಕಾಳಿನಿಂದ ಏಳು ತೆನೆ, ತೆನೆಗೆ ನೂರು ಕಾಳು ಎಂಬ ಉಪಮೆ ಕೊಡುವುದಿಲ್ಲವೇ? ನಿಜ. ಮಕ್ಕಾ ವ್ಯಾಪಾರಿಗಳ ಊರು. ಅವರಿಗೆ ತಿಳಿಯುವ ಭಾಷೆಯಲ್ಲೇ ಮಾತು ಬಂದಿದೆ. ಆದರೆ ಆ ವ್ಯಾಪಾರದ ಷರತ್ತನ್ನು ‘ಅತ್ತೌಬಾ’ ಅಧ್ಯಾಯದಲ್ಲಿ ನೋಡಬೇಕು. ಅಲ್ಲಿ ಕೊಳ್ಳುವವನು ಅಲ್ಲಾಹನು, ಮಾರುವವನು ವಿಶ್ವಾಸಿ, ಮಾರಾಟವಾಗುವುದು ಅವನ ಪ್ರಾಣ ಮತ್ತು ಸೊತ್ತು. ಮಾರಿಯಾದ ಮೇಲೆ ಮಾಲಿನ ಮೇಲೆ ಮಾರಿದವನಿಗೆ ಹಕ್ಕಿಲ್ಲ. ನಾವಾದರೋ ಮುಂಗಡ ಪಡೆದು, ಮಾಲನ್ನು ನಮ್ಮ ಅಟ್ಟದಲ್ಲೇ ಇಟ್ಟುಕೊಂಡು, ಧಾರಣೆ ನೋಡುತ್ತ ಕುಳಿತವರು.

ಮಕ್ಕಾದಲ್ಲಿ ಬರಿಗೈಯಿಂದ ಬಂದು ಶ್ರೀಮಂತರಾದ ಸುಹೈಬ್ ರೂಮಿ(ರ) ಹಿಜ್ರತ್‌ಗೆ ಹೊರಟಾಗ ಕುರೈಶರು ದಾರಿಗಟ್ಟಿದರು. ನಮ್ಮ ಊರಿನಲ್ಲಿ ಗಳಿಸಿದ್ದನ್ನು ಒಯ್ಯಲು ಬಿಡೆವೆಂದರು. ಸುಹೈಬರು ತಮ್ಮ ಎಲ್ಲ ಸೊತ್ತೂ ಇರುವ ಜಾಗವನ್ನು ಅವರಿಗೆ ತಿಳಿಸಿ ಬರಿಗೈಯಲ್ಲೇ ಮದೀನಾ ತಲುಪಿದರು. ಅವರ ವ್ಯಾಪಾರ ಲಾಭದಾಯಕವಾಯಿತೆಂದು ಪ್ರವಾದಿ(ಸ) ಅವರನ್ನು ಸ್ವಾಗತಿಸಿದರೆಂದು ಚರಿತ್ರೆ ಹೇಳುತ್ತದೆ. ಅಷ್ಟು ದೂರ ಹೋಗುವುದೂ ಬೇಡ. ಸಿದ್ದಾಪುರದ ರೈತರು 1930ರ ದಶಕದ ಆರಂಭದಲ್ಲಿ ಕರ ನಿರಾಕರಣೆಗೆ ಇಳಿದಾಗ ಅವರ ಜಮೀನು ಜಪ್ತಿಯಾಯಿತು, ದನಕರು ಪಾತ್ರೆಪಗಡಿ ಹರಾಜಾಯಿತು. ಧಾರಣೆ ನೋಡಿ ನಂಬುವವರಾಗಿದ್ದರೆ ಕಂದಾಯ ಕಟ್ಟಿ ಸುಮ್ಮನಿರುತ್ತಿದ್ದರು. ಅವರ ನಂಬಿಕೆ ಧಾರ್ಮಿಕವೇ, ರಾಜಕೀಯವೇ ಎಂಬ ಚರ್ಚೆ ಇಲ್ಲಿ ಬೇಡ. ನಷ್ಟವಾದ ದಿನವೂ ಅದು ಅವರ ಕೈಯಲ್ಲಿತ್ತು.

ವಖಾರಿಯ ಜಗಲಿಯ ಮಾತು ಅಂದು ಹೇಗೆ ಮುಗಿಯಿತೆಂದು ಹೇಳದಿದ್ದರೆ ಲೆಕ್ಕ ಅಪೂರ್ಣವಾದೀತು. ಎಲ್ಲವನ್ನೂ ಕೇಳಿ ನಗುತ್ತಿದ್ದ ಹಿರಿಯರು ಎಲೆಯಡಿಕೆಯ ತಟ್ಟೆ ಬದಿಗೆ ಸರಿಸಿ, “ಬೇಟಾ, ನಿನ್ನ ಅಬ್ಬಾ ತೀರಿಹೋಗಿ ಎಷ್ಟು ವರ್ಷವಾಯಿತು?” ಎಂದರು. ನಾಲ್ಕು ವರ್ಷವೆಂದ. “ಯಲ್ಲಾಪುರಕ್ಕೆ ಕೊಟ್ಟ ನಿನ್ನ ತಂಗಿಯ ಪಾಲು ಎಷ್ಟು ಬಂತು ಅಂತ ಲೆಕ್ಕ ಹಾಕಿದ್ದೀಯಾ?”

ಯುವಕ ಸ್ವಲ್ಪ ಹೊತ್ತು ಪತ್ರಿಕೆಯ ಪಟ್ಟಿಯನ್ನೇ ನೋಡುತ್ತಿದ್ದ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಅದರ ಅಂಚಿನ ಖಾಲಿ ಜಾಗದಲ್ಲಿ ತಾಯಿಯ ಎಂಟನೆಯ ಒಂದರಿಂದ ಬರೆಯತೊಡಗಿದ.